ಶಾಲು ಬೇಡವೆಂದು ಕ್ಯಾರವಾನ್ ಎಳೆದುಕೊಂಡು ಹೋದ ಶುಕ್ರವಾರ

ದೋಹಾದಲ್ಲಿ ನಮ್ಮ ಕಡೆಯವರ ಸಂಘ ನನಗೆ ಶಾಲು ಹೊದಿಸಬೇಕೆಂದು ನಿಗದಿ ಮಾಡಿದ್ದ ಶುಕ್ರವಾರದ ಬೆಳಿಗ್ಗೆಯೇ ನಾನು ಹೆಂಡತಿಯನ್ನು ಪಿಕಪ್ಪಿನಲ್ಲಿ ಕೂರಿಸಿ, ಹಿಂದೆ ಗಾಲಿಯ ಮೇಲಿನ ಮನೆಯಂಥ ಒಂದು ಹಳೆಯ ಕ್ಯಾರವಾನ್ ಕಟ್ಟಿಕೊಂಡು ಊರು ಬಿಟ್ಟು ಹೋದೆ. ಸಭೆಗೆ ಅವಮಾನ ಮಾಡಿದ ಎಂದರು. ಐವತ್ತೆಂಟನೆಯ ವಯಸ್ಸಿನಲ್ಲಿ ತಲೆ ಕೆಟ್ಟಿದೆ ಎಂದರು. ಅನ್ನಲಿ. ಅದರ ಬಗ್ಗೆ ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ. ನನಗೆ ಪಶ್ಚಾತ್ತಾಪವಿರುವುದು ಬೇರೆಯದೇ ಒಂದು ಕೆಲಸದ ಬಗ್ಗೆ. ಅದನ್ನು ಹೇಳಿಬಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಕೆಲಸ ಬಡಗಿಯದು. ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೈದು ವರ್ಷ ಪ್ಲೈವುಡ್ ಕೊಯ್ದೆ. ಚಳಿಗಾಲ ಬಂತೆಂದರೆ ಅಲ್ಲಿನ ಕುಟುಂಬಗಳು ಕ್ಯಾರವಾನುಗಳನ್ನು ಎಳೆದುಕೊಂಡು ಹೋಗಿ ಸಮುದ್ರದ ಬದಿಯಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತವೆ. ಆ ಕ್ಯಾರವಾನುಗಳ ಒಳಗೆ ಮಂಚ, ಕಪಾಟು, ಮಡಚುವ ಮೇಜು ಕೂರಿಸುವುದು ನಮ್ಮ ಕೆಲಸ. ಎಷ್ಟೋ ಸಂಸಾರಗಳಿಗೆ ಗಾಳಿ ಸೇವನೆಯ ಮನೆ ಮಾಡಿಕೊಟ್ಟೆ. ಅದರೊಳಗೆ ಒಮ್ಮೆಯೂ ಕೂತು ಚಹಾ ಕುಡಿದವನಲ್ಲ.

ಒಂದು ವರ್ಷ ಆಸ್ಟ್ರೇಲಿಯಾದ ಎಂಜಿನಿಯರ್ ಒಬ್ಬರು ನಮ್ಮಲ್ಲಿಗೆ ಬಂದು, ನಾನು ಮಾಡಿದ ಮಡಚುವ ಮೇಜಿನ ಅಳತೆಗಳನ್ನು ಕಾಗದದಲ್ಲಿ ಬರೆದುಕೊಂಡರು. ನಿವೃತ್ತರಾದ ಮೇಲೆ ತಾವೂ ಹೆಂಡತಿಯೂ ಕ್ಯಾರವಾನ್ ಕಟ್ಟಿಕೊಂಡು ತಮ್ಮ ದೇಶದ ಕರಾವಳಿಯ ಉದ್ದಕ್ಕೂ ಒಂದು ವರ್ಷ ಹೋಗುವವರಂತೆ. ದಾರಿ ತಪ್ಪುವುದಿಲ್ಲವೇ ಎಂದು ಕೇಳಿದೆ. ನಕ್ಕರು. ಸಮುದ್ರವನ್ನು ಬಲಗಡೆ ಇಟ್ಟುಕೊಂಡು ಹೋಗುತ್ತಾ ಇದ್ದರೆ ಆಯಿತು, ತಪ್ಪುವುದಕ್ಕೆ ಏನಿದೆ ಎಂದರು.

ಆಗ ಹೆಂಡತಿ ದೋಹಾಕ್ಕೆ ಬಂದು ಒಂದು ವರ್ಷವಾಗಿತ್ತು. ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಒಂದು ಕೋಣೆಯ ಸಂಸಾರ. ಈ ಮಾತು ಹೇಳಿದಾಗ ಅವಳು ಮೀನು ಕೊಯ್ಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು, "ಇಲ್ಲಿ ಸಹ ಮೂರು ಕಡೆ ಸಮುದ್ರ ಉಂಟಲ್ಲ. ಊರಿಗೆ ವಾಪಸ್ ಹೋಗ್ಲಿಕ್ಕೆ ಮುಂಚೆ ಒಂದು ಸಲ ನನಗೆ ತೋರಿಸಿ. ನಾನು ಈ ದೇಶಕ್ಕೆ ಬಂದು ನೋಡಿದ್ದು ಕೆಳಗಿನ ಅಂಗಡಿ, ಮೇಲಿನ ನೀರಿನ ಟ್ಯಾಂಕು." ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಬಾಯಿಯ ಖಾರ ಎಷ್ಟು ಬಂದೀತೋ ಗೊತ್ತಿಲ್ಲ.

ಕೆಲಸ ಮುಗಿಸಿ ವೀಸಾ ರದ್ದು ಮಾಡಿಸುವ ತಿಂಗಳು ಬಂತು. ಮಾಲೀಕರನ್ನು ನಾವು ಅರಬಾಬ್ ಎನ್ನುತ್ತಿದ್ದೆವು. ವರ್ಕ್‌ಶಾಪಿನ ಹಿಂದೆ ಬಿಸಿಲಿಗೆ ಒಣಗುತ್ತಿದ್ದ ಅವರ ಹಳೆಯ ಕ್ಯಾರವಾನನ್ನು ಹನ್ನೆರಡು ದಿನಕ್ಕೆ ಕೇಳಿದೆ. ಅವರು ನನ್ನ ಮುಖ ನೋಡಿ, "ಮೇಡಂ ಜೊತೆಗಾ?" ಎಂದರು. ಹೌದು, ಹೆಂಡತಿಯ ಜೊತೆಗೆ ಎಂದೆ. ಪಿಕಪ್ಪಿನ ಕೀಲಿಕೈಯನ್ನೂ ಕೊಟ್ಟರು, ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಅರಬಿಯಲ್ಲಿ ಒಂದು ಚೀಟಿಯನ್ನೂ ಬರೆದುಕೊಟ್ಟರು.

ಮೂರು ವಾರ ಕೂತು ಒಳಗೆಲ್ಲ ಹೊಸದು ಮಾಡಿದೆ. ಉಳಿದ ಪ್ಲೈವುಡ್, ಉಳಿದ ಸನ್ಮೈಕಾ, ಆದರೂ ಒಂದು ಕೀಲೂ ಕಿರುಗುಟ್ಟುತ್ತಿರಲಿಲ್ಲ. ಮುಗಿದ ದಿನ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಾಗಿಲಲ್ಲೇ ನಿಂತಳು. ಎಡಕ್ಕೊಂದು ಬಂಕು, ಬಲಕ್ಕೊಂದು ಬಂಕು, ಒಬ್ಬರೇ ಮಲಗುವಂಥ ಎರಡೂವರೆ ಅಡಿ ಅಗಲದ್ದು, ನಡುವೆ ಓಡಾಡುವ ಜಾಗ.

"ಇದೆಂತ ಮಾರಾಯ್ರೆ, ಲೇಬರ್ ಕ್ಯಾಂಪಾ? ನಾನು ನಿಮ್ಮ ರೂಮ್‌ಮೇಟಾ?"

ನನಗೆ ಹೊಳೆದದ್ದು ಆಗಲೇ. ಅವಳು ಬರುವ ಮೊದಲು ಅಷ್ಟು ವರ್ಷ ಕಾರ್ಮಿಕರ ಕ್ಯಾಂಪಿನ ಬಂಕಿನಲ್ಲಿ ಮಲಗಿದವನ ಕೈ ತಾನಾಗಿಯೇ ಬಂಕು ಮಾಡಿತ್ತು. ಊರ ಸಂಸಾರಗಳಿಗೆಲ್ಲ ಇಬ್ಬರು ಮಲಗುವ ಮಂಚ ಮಾಡಿಕೊಟ್ಟವನು ನನ್ನ ಸಂಸಾರಕ್ಕೆ ಎರಡು ಬಂಕು ಹೊಡೆದಿದ್ದೆ. ನಾಚಿಕೆಯಾಗಿ, ಆ ನಡುವಿನ ಜಾಗಕ್ಕೆ ಸರಿಯಾಗಿ ಒಂದು ಹಲಗೆ ಕೊಯ್ದು ಬಂಕಿನ ಕೆಳಗೆ ಸೇರಿಸಿದೆ. ಬೇಕಾದಾಗ ಅಡ್ಡ ಇಟ್ಟರೆ ಎರಡೂ ಕೂಡಿ ಮಂಚವಾಗುತ್ತದೆ.

ಇನ್ನು ಶಾಲಿನ ವಿಷಯ. ಊರಿಗೆ ಹೊರಟವರಿಗೆ ನಮ್ಮ ಸಂಘದಲ್ಲಿ ಸನ್ಮಾನ ಮಾಡುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಮಾನಪತ್ರ. ಸಂಘದ ಕಾರ್ಯದರ್ಶಿ ನಮ್ಮ ಕೆಳಗಿನ ಮನೆಯವನು, ಉಡುಪಿ ಕಡೆಯವನು, ಯಾವುದೋ ಆಫೀಸಿನಲ್ಲಿ ಗುಮಾಸ್ತ. ಬೇಡ ಎಂದು ಅವನಿಗೆ ಮೂರು ಸಲ ಹೇಳಿದೆ. "ಅಣ್ಣ, ಹತ್ತು ನಿಮಿಷ ಕುರ್ಚಿಯಲ್ಲಿ ಕೂತ್ರೆ ಆಯ್ತು, ಖಲಾಸ್. ನಿಮಗೆಂತ ಖರ್ಚುಂಟಾ?" ಎಂದ. ಅವನಿಗೆ ಕಾರಣ ಹೇಳಲಿಲ್ಲ. ಅವರು ಮೈಕಿನಲ್ಲಿ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹತ್ತಾರು ಸನ್ಮಾನಗಳಲ್ಲಿ ಅದನ್ನೇ ಕೇಳಿದ್ದೆ. ಸಂಸಾರದಿಂದ ದೂರವಿದ್ದು ಮಾಡಿದ ತ್ಯಾಗ, ಎಂದು. ಆ ಮಾತಿಗೆ ಶಾಲು ಹೊದ್ದು ಕೈಮುಗಿಯಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಅದೇ ದಿನ ಹೊರಟೆ.

ಹೊರಡುವಾಗ ಕಾರ್ಯದರ್ಶಿ, ಅವನ ಹೆಂಡತಿ, ಇನ್ನೂ ನಾಲ್ಕು ಮನೆಯವರು ಕೆಳಗೆ ನಿಂತಿದ್ದರು.

"ಎಂತ ಅಣ್ಣ, ಮರಳುಗಾಡಿನ ಬದೂಗಳ ಹಾಗೆ ಹೊರಟದ್ದಾ? ಎರಡು ಒಂಟೆ ಸಹ ಕಟ್ಟಿಕೊಳ್ಳಿ," ಎಂದ ಕಾರ್ಯದರ್ಶಿ.

"ಈ ಪ್ರಾಯದಲ್ಲಿ ಹನಿಮೂನ್ ಮಾರಾಯ್ತಿ," ಎಂದು ಅವನ ಹೆಂಡತಿ ನಮಗೆ ಕೇಳುವಂತೆಯೇ ಪಕ್ಕದವಳಿಗೆ ಹೇಳಿದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಅಲ್ಲ ಅಕ್ಕ, ಇಷ್ಟು ಪ್ರೀತಿ ಇದ್ದವರು ನಿಮ್ಮನ್ನು ಮೊದಲೇ ಕರ್ಕೊಂಡು ಬರ್ಲಿಲ್ಲ ಯಾಕೆ?"

ಹೆಂಡತಿ ಪಿಕಪ್ಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಅಲ್ಲೇ ತಿರುಗಿ ನಿಂತಳು. "ಬಡಗಿಗೆ ಫ್ಯಾಮಿಲಿ ವೀಸಾ ಕೊಡ್ತಿರ್ಲಿಲ್ಲ ಇಲ್ಲಿ. ನಿಮ್ಮವರ ಹಾಗೆ ಆಫೀಸಲ್ಲಿ ಕೂರುವವರಾ ಇವರು? ಕಾನೂನು ಬದಲಾದ ಮೇಲೆ ಅಲ್ವಾ ನನಗೆ ಸಿಕ್ಕಿದ್ದು? ಮೊದಲೇ ಕೊಟ್ಟಿದ್ರೆ ಮಾರನೆ ದಿನವೇ ಕರೆಸ್ತಿದ್ರು. ವರ್ಷ ವರ್ಷ ಕೇಳಿದ್ದಾರೆ, ವರ್ಷ ವರ್ಷ ಮಾಫಿ, ಇಲ್ಲ ಅಂದಿದ್ದಾರೆ. ನಿಮಗೆಂತ ಗೊತ್ತು?"

ಕಾರ್ಯದರ್ಶಿ ಒಂದು ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, "ಮಾನಪತ್ರ ಪ್ರಿಂಟ್ ಆಗಿದೆ ಅಕ್ಕ, ಇನ್ನು ವಾಪಸ್ ತೆಗೊಳ್ಳುವುದು ಹೇಗೆ? ಇಟ್ಟುಕೊಳ್ಳಿ," ಎಂದ. ನಾನು ಗೇರ್ ಹಾಕಿದೆ.

ಅವಳು ಹೇಳಿದ್ದು ಸುಳ್ಳು. ಅವಳಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿಕೊಟ್ಟವನು ನಾನು.

ಉತ್ತರಕ್ಕೆ ಹೊರಟೆವು, ಸಮುದ್ರ ಬಲಗಡೆ. ನಗರ ಮುಗಿದು ಎರಡೂ ಬದಿ ಬೋಳು ನೆಲ ಬಂತು. ಅವಳು ಪೊಟ್ಟಣ ಬಿಚ್ಚಿದಳು. ಹಲಗೆಗೆ ಅಂಟಿಸಿ ಲ್ಯಾಮಿನೇಟ್ ಮಾಡಿದ ಮಾನಪತ್ರ, ನಾಲ್ಕು ಮೂಲೆಯಲ್ಲಿ ಬಳ್ಳಿಯ ಚಿತ್ರ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಅವಳಿಗೆ ಹೆಮ್ಮೆಯಾಗಿತ್ತು, ಅದು ದನಿಯಲ್ಲೇ ಗೊತ್ತಾಗುತ್ತಿತ್ತು. "ಮಡದಿ ಮಕ್ಕಳಿಂದ ದೂರವಿದ್ದು, ಅನಿವಾರ್ಯ ಅಗಲಿಕೆಯನ್ನು ನಗುನಗುತ್ತಾ ಸಹಿಸಿದ ತ್ಯಾಗಜೀವಿ…" ಎಂಬಲ್ಲಿಗೆ ಬಂದಾಗ ನಿಲ್ಲಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಸಾಲಿಗೆ ಬೆರಳಿಟ್ಟಳು.

ಅಲ್ ಖೋರ್ ದಾಟಿ, ಥಕೀರಾದ ಹತ್ತಿರ ಉಪ್ಪುನೀರಿನಲ್ಲಿ ಕಾಂಡ್ಲ ಗಿಡಗಳು ಬೆಳೆದಿರುವ ಕಡೆ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದೆ.

"ಎಂತ, ಟಯರ್ ಹೋಯಿತಾ?"

"ಇಲ್ಲ. ಅದರಲ್ಲಿ ಬರೆದದ್ದು ಸುಳ್ಳು. ನೀನು ಅವರಿಗೆ ಹೇಳಿದ್ದೂ ಸುಳ್ಳು."

ಹೇಳಿದೆ. ಬಡಗಿಗೆ ವೀಸಾ ಕೊಡುವುದಿಲ್ಲ ಎಂಬುದು ಮೊದಮೊದಲು ನಿಜವಿತ್ತು. ಆಮೇಲೆ ಅರಬಾಬ್ ನನ್ನನ್ನು ಸೂಪರ್‌ವೈಸರ್ ಮಾಡಿದರು, ಕಾಗದದಲ್ಲೂ ಹಾಗೆಯೇ ಬರೆಸಿದರು. ಅಂದಿನಿಂದ ವರ್ಷಕ್ಕೊಮ್ಮೆ ಅವರೇ ಕರೆದು, ಮೇಡಂನ ಕಾಗದ ತಾ, ಸಹಿ ಹಾಕುತ್ತೇನೆ ಎನ್ನುತ್ತಿದ್ದರು. ಮುಂದಿನ ವರ್ಷ ಎನ್ನುತ್ತಿದ್ದೆ. ಊರಿಗೆ ಫೋನ್ ಮಾಡಿ, ಈ ವರ್ಷವೂ ಕೊಡಲಿಲ್ಲ ಎನ್ನುತ್ತಿದ್ದೆ. ಕೊನೆಗೆ ಅವಳನ್ನು ಕರೆಸಿದಾಗಲೂ ಕಾನೂನು ಬದಲಾಯಿತೆಂದೇ ಹೇಳಿದೆ. ಊರಲ್ಲಿ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ನನ್ನನ್ನು ಎಸಿ ಆಫೀಸಿನವನೆಂದು ತಿಳಿದಿದ್ದರು, ಅದೂ ನಾನೇ ಹಬ್ಬಿಸಿದ್ದು. ಅವಳು ಬಂದರೆ ಮರದ ಹುಡಿ ಮೆತ್ತಿದ ನನ್ನನ್ನು ಕಣ್ಣಾರೆ ನೋಡುತ್ತಾಳಲ್ಲ, ಊರಿಗೂ ಗೊತ್ತಾಗುತ್ತದಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅದಕ್ಕಿಂತ ಹೀನವಾದದ್ದು. ಶುಕ್ರವಾರ ಮಧ್ಯಾಹ್ನದವರೆಗೆ ಮಲಗುವುದು, ಇಸ್ಪೀಟು, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಬದುಕು ನನಗೆ ರುಚಿಸಿತ್ತು. ತ್ಯಾಗವಲ್ಲ. ಸುಖ.

ಅವಳು ಕನ್ನಡಕ ತೆಗೆದು ಮಡಚಿದಳು.

"ಎಷ್ಟು ವರ್ಷ?"

"ಒಂಬತ್ತು."

"ನನ್ನ ಗರ್ಭಕೋಶದ ಆಪರೇಷನ್ ಆ ಒಂಬತ್ತರ ಒಳಗೆ ಬರ್ತದಾ?"

ಆಸ್ಪತ್ರೆಯ ಕಾಗದಕ್ಕೆ ಅಂದು ಸಹಿ ಹಾಕಿದವನು ಅವಳ ತಮ್ಮ. "ಬರ್ತದೆ," ಎಂದೆ.

ಅವಳು ಇಳಿದು ಹೋದಳು. ಚಪ್ಪಲಿ ಬಿಟ್ಟು, ಸೀರೆ ಎತ್ತಿಕೊಳ್ಳದೆ ಕಾಂಡ್ಲದ ನಡುವಿನ ನೀರಿಗೆ ಇಳಿದು ಬೆನ್ನು ಹಾಕಿ ನಿಂತಳು. ನಾನು ಹಿಂದೆ ಹೋಗಲಿಲ್ಲ. ಅವಳು ಬಂದು, 'ಗಾಡಿ ತಿರುಗಿಸಿ, ನನ್ನನ್ನು ವಿಮಾನ ಹತ್ತಿಸಿ' ಎಂದರೆ ತಿರುಗಿಸಬೇಕು, ಅಷ್ಟೇ ತೀರ್ಮಾನ ಮಾಡಿ ಸ್ಟೀರಿಂಗ್ ಹಿಡಿದು ಕೂತಿದ್ದೆ. ನೆತ್ತಿಯ ಮೇಲಿದ್ದ ಸೂರ್ಯ ನನ್ನ ಎಡಗೈಗೆ ಬಂತು.

ಬಂದಳು. ಮೊಣಕಾಲಿನವರೆಗೆ ಸೀರೆ ಒದ್ದೆ, ಮುಖ ಒಣಗಿತ್ತು.

"ವಾಪಸ್ ಹೋಗುವುದಾ?" ಎಂದು ಕೇಳಿದೆ.

"ಯಾಕೆ? ನನ್ನ ಒಂಬತ್ತು ವರ್ಷ ಮುಂತಜಾದಲ್ಲಿ ಬಿಟ್ಟು ಬಂದದ್ದಾ, ಹೋಗಿ ತರ್ಲಿಕ್ಕೆ? ನೀವು ನನಗೆ ಈ ದೇಶ ತೋರಿಸ್ತೇನೆ ಅಂದದ್ದು, ತೋರಿಸಿ. ಬಿಡುವುದಿಲ್ಲ ನಾನು. ಆದ್ರೆ ಮೊದಲು ಫೋನ್ ತೆಗೀರಿ. ಅಲ್ಲಿ ಅಷ್ಟು ಜನರ ಎದುರು ಸುಳ್ಳು ಹೇಳಿದ್ದು ನನ್ನ ಬಾಯಿ. ಅದನ್ನು ನೀವು ತೊಳೀಬೇಕು. ಈಗಲೇ. ಸ್ಪೀಕರ್ ಹಾಕಿ."

ಕಾರ್ಯದರ್ಶಿಗೆ ಫೋನ್ ಮಾಡಿದೆ. ನಾನಿಲ್ಲದಿದ್ದರೂ ನಡೆಯಲಿದ್ದ ಸಂಜೆಯ ಕಾರ್ಯಕ್ರಮಕ್ಕೆ ಹಾಲ್ ಸಿದ್ಧವಾಗುತ್ತಿತ್ತು. ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು. ಒಂದೇ ಉಸಿರಿನಲ್ಲಿ ಹೇಳಿದೆ: ನನಗೆ ಒಂಬತ್ತು ವರ್ಷ ಮೊದಲೇ ವೀಸಾ ಸಿಗುತ್ತಿತ್ತು, ನಾನೇ ಕರೆಸಲಿಲ್ಲ, ಹೆಂಡತಿಗೆ ಸುಳ್ಳು ಹೇಳಿದ್ದೆ, ನೀವು ಬರೆದ ತ್ಯಾಗ ನಾನು ಮಾಡಿಲ್ಲ.

"ಅಣ್ಣ, ಬಿಸಿಲು ತಾಗಿದೆಯಾ ನಿಮಗೆ? ಇದನ್ನೆಲ್ಲ ಯಾರು ಕೇಳಿದ್ರು ಈಗ? ನಮ್ಮಲ್ಲಿ ಎಷ್ಟು ಜನ ಹೀಗೆ…" ಎಂದು ಅರ್ಧಕ್ಕೆ ನಿಲ್ಲಿಸಿದ.

ಹೆಂಡತಿ ಫೋನಿನ ಕಡೆ ಬಗ್ಗಿದಳು. "ಅದನ್ನೇ ಮೈಕಲ್ಲಿ ಹೇಳಿ ಇವತ್ತು. ನಿಮ್ಮ ಹೆಂಡತಿಗೂ ಹೇಳಿ. ಅವರು ಕೇಳಿದ ಪ್ರಶ್ನೆ ಸರಿ ಇತ್ತು, ನನ್ನ ಉತ್ತರ ತಪ್ಪು." ಫೋನನ್ನು ಅವಳೇ ಕಟ್ ಮಾಡಿದಳು.

ಹಸಿವಾಗಿತ್ತು. ಕ್ಯಾರವಾನಿನ ಬಾಗಿಲು ತೆರೆದು ಒಲೆ ಹಚ್ಚಿದಳು. ಈರುಳ್ಳಿ, ಚೂರಿ ಎಲ್ಲ ಇತ್ತು, ಹೆಚ್ಚುವುದಕ್ಕೆ ಹಲಗೆ ಇರಲಿಲ್ಲ. ಕ್ಯಾಂಪಿನಲ್ಲಿ ಅಡಿಗೆಯವನು ಬಡಿಸಿದ್ದನ್ನು ಉಂಡವನಿಗೆ ಅದು ನೆನಪೇ ಆಗಿರಲಿಲ್ಲ. ಅವಳು ಬಂಕಿನ ಕೆಳಗೆ ನಾನು ಇಟ್ಟಿದ್ದ ಹಲಗೆಯನ್ನು ನೋಡಿದಳು, ಅದನ್ನು ಕಾಲಿನಿಂದ ಇನ್ನೂ ಒಳಗೆ ತಳ್ಳಿದಳು. ಪಿಕಪ್ಪಿನಿಂದ ಮಾನಪತ್ರ ತಂದು ಮೇಜಿನ ಮೇಲೆ ಅಂಗಾತ ಇಟ್ಟು ಅದರ ಮೇಲೆ ಈರುಳ್ಳಿ ಹೆಚ್ಚಿದಳು. ನಾನು ತಡೆಯಲಿಲ್ಲ. ಅಗ್ಗದ ಹಲಗೆ, ನೀರು ತಾಗಿದರೆ ಉಬ್ಬುವಂಥದ್ದು ಎಂದಷ್ಟೇ ಹೇಳಿದೆ.

"ಉಬ್ಬಲಿ," ಎಂದಳು.

ರುವೈಸ್‌ನಲ್ಲಿ ಭೂಮಿ ಮುಗಿದು ರಸ್ತೆ ಪಶ್ಚಿಮಕ್ಕೆ ತಿರುಗಿತು. ಸಮುದ್ರ ಆಗಲೂ ಬಲಗಡೆಯೇ. ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು, ಚಹಾ, ಉಪ್ಪು, ನಿಲ್ಲಿಸಿ, ಹೊರಡಿ. ಅವಳು ತನ್ನ ಬಂಕಿನಲ್ಲಿ, ನಾನು ನನ್ನದರಲ್ಲಿ. ಜುಬಾರಾದ ಕೋಟೆಯ ಹತ್ತಿರ ಎರಡು ದಿನ, ದುಖಾನ್ ಕಡೆ ಮೂರು ದಿನ. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತನೆಯ ದಿನದ ಬೆಳಿಗ್ಗೆ ನಾನು ಹೊರಗೆ ಗ್ಯಾಸ್ ನೋಡುತ್ತಿದ್ದಾಗ ಒಳಗೆ ಮರ ಮರಕ್ಕೆ ತಾಗುವ ಸದ್ದಾಯಿತು. ಇಣುಕಿದೆ. ಅವಳು ಬಂಕಿನ ಕೆಳಗಿನ ಹಲಗೆಯನ್ನು ಎಳೆದು ನಡುವಿನ ಜಾಗಕ್ಕೆ ಅಡ್ಡ ಇಡಲು ನೋಡುತ್ತಿದ್ದಳು. ಉಪ್ಪುಗಾಳಿಗೆ ಮರ ಸ್ವಲ್ಪ ಉಬ್ಬಿ ಒಂದು ಮೂಲೆ ಕೂರುತ್ತಿರಲಿಲ್ಲ.

"ದೊಡ್ಡ ಸೂಪರ್‌ವೈಸರ್," ಎಂದಳು. "ಉಳಿ ಎಲ್ಲಿ ಉಂಟು?"

ಉಳಿ ತಂದೆ. ಅವಳು ಹಲಗೆ ಹಿಡಿದುಕೊಂಡಳು, ನಾನು ಆ ಮೂಲೆಯನ್ನು ಕೆತ್ತಿದೆ.