ಸಾಬೂನಾಗದ ಎಣ್ಣೆ

ಅವಳು ಮಾಡಿದ ಸಾಬೂನಿನ ಕೊನೆಯ ಗಡ್ಡೆ ಬಚ್ಚಲ ಗೂಡಿನಲ್ಲಿ ಹಾಗೇ ಇದೆ. ನಾನು ಅದಕ್ಕೆ ನೀರು ತಾಗಿಸಿಲ್ಲ.

ನನ್ನ ಹೆಂಡತಿ ಹುಕ್ಕೇರಿ ಕಡೆಯವಳು. ಕುಸುಬೆ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ಕಾಯಿಸಿ ಸಾಬೂನು ಮಾಡುವುದನ್ನು ತವರಿನಲ್ಲಿ ಕಲಿತಿದ್ದಳು. ನಮ್ಮೂರು ಮೂಡಲಗಿಯಿಂದ ಘಟಪ್ರಭಾಕ್ಕೆ ಹೋಗುವ ದಾರಿಯಲ್ಲಿದೆ. ಕೆಲವು ವರ್ಷಗಳ ಹಿಂದೆ ನಾನು ದಿಬ್ಬದ ಹೊಲಕ್ಕೆ ನೀರೆತ್ತುವ ಎಣ್ಣೆ ಇಂಜಿನ್ನು ತರಿಸಿದ್ದೆ. ದಿಬ್ಬದ ಕೆಳಗೆ ಊರವರು ಕುಡಿಯುವ ಬಾವಿ. ಬಾವಿಯ ಮಗ್ಗುಲಿಗೆ ಒಬ್ಬ ಮುದುಕನ ಎಣ್ಣೆಗಾಣ.

ಒಂದು ಬೆಳಿಗ್ಗೆ ಲಿಂಗಪೂಜೆಗೆ ತಂದ ಅಗ್ಗಣಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲಿತು. ಎಲ್ಲರ ಮನೆಯಲ್ಲೂ ಅದೇ. ಕಮಟು ವಾಸನೆ ಎಂದರು ಕೆಲವರು, ದೀಪದ ವಾಸನೆ ಎಂದರು ಕೆಲವರು. ಎಣ್ಣೆ ಎಂದಮೇಲೆ ಗಾಣದ್ದೇ ಎಂದು ಹಿರಿಯರು ಕೂತು ತೀರ್ಮಾನಿಸಿದರು. ಮುದುಕನ ಮನೆಯವರು ಆ ಬಾವಿಯ ನೀರು ಸೇದಬಾರದು, ಸುಗ್ಗಿಯೊಳಗೆ ಗಾಣ ಕಿತ್ತು ಊರಾಚೆ ಹೋಗಬೇಕು. ನಾನೂ ಹೂಂ ಎಂದೆ.

ಅವಳು ಎರಡು ದಿನ ಕೊಡಗಳ ಮೇಲಿನ ಪೊರೆಯನ್ನು ಹತ್ತಿಯಿಂದ ಒತ್ತಿ, ಹಿಂಡಿ, ಒಂದು ಬಟ್ಟಲಿನ ತಳ ಮುಚ್ಚುವಷ್ಟು ಎಣ್ಣೆ ಕೂಡಿಸಿದಳು. ಗಾಣದಿಂದಲೂ ಅಷ್ಟೇ ಎಣ್ಣೆ ತಂದಳು. ಎರಡಕ್ಕೂ ಸೋಡಾದ ನೀರು ಹಾಕಿ ಒಂದೇ ಒಲೆಯ ಮೇಲೆ ಕಾಯಿಸಿದಳು. ಗಾಣದ್ದು ಗಟ್ಟಿಯಾಗಿ ನೊರೆ ಕಟ್ಟಿತು. ಬಾವಿಯದು ಎಷ್ಟು ಕುದಿಸಿದರೂ ಎಣ್ಣೆಯಾಗಿಯೇ ಮೇಲೆ ತೇಲಿತು. ಆಮೇಲೆ ನನ್ನ ಇಂಜಿನ್ನಿನ ಎಣ್ಣೆ ಡ್ರಮ್ಮಿನಿಂದ ಒಂದು ಸೌಟು ಎಣ್ಣೆ ಕೇಳಿದಳು. ಅದೂ ಸಾಬೂನಾಗಲಿಲ್ಲ.

ಇಂಜಿನ್ನು ತೊಳೆದ ಎಣ್ಣೆಯನ್ನು ನಾನು ದಿಬ್ಬದ ಗರಸು ಮಣ್ಣಿನಲ್ಲಿ ತಗ್ಗು ತೋಡಿ ಸುರಿಯುತ್ತಿದ್ದೆ. ನೆಲ ಅದನ್ನು ಕುಡಿದುಬಿಡುತ್ತದೆ ಎಂದುಕೊಂಡಿದ್ದೆ.

ಯಾರಿಗೂ ಹೇಳಬೇಡ ಎಂದೆ. ಅವಳು ಒಲೆಯಿಂದ ಮುಖ ತಿರುಗಿಸಲಿಲ್ಲ.

"ಆ ಗಾಣದವನ ಮುದುಕಿ ಎರಡ ದಿನದಿಂದ ಹಳ್ಳದ ನೀರು ಹೊರಾಕತ್ತಾಳ್ರಿ. ನೀವು ಹೇಳ್ತೀರೋ, ನಾ ಹೇಳ್ಲೋ?"

ನಾನೇ ಹೋದೆ. ಹಿರಿಯರ ಮುಂದೆ ಮೂರು ಬಟ್ಟಲು ಇಟ್ಟು ತಪ್ಪು ಒಪ್ಪಿಕೊಂಡೆ. ಮುದುಕ ಬಟ್ಟಲುಗಳನ್ನು ಮೂಸಿ ನೋಡಿ, "ಸಾವಕಾರ್ರ, ನಿಮ್ಮ ಎಣ್ಣೀಲೆ ಒಗ್ಗರಣಿ ಹಾಕಾಕ ಬರೂದಿಲ್ಲ ಬಿಡ್ರಿ" ಎಂದ. ಕೂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ತಗ್ಗಿನ ಮಣ್ಣನ್ನೆಲ್ಲ ಅಗೆದು ದೂರ ಸಾಗಿಸಿದೆ. ನೀರು ತಿಳಿಯಾಗಲು ಎರಡು ಮಳೆಗಾಲ ಬೇಕಾಯಿತು. ಅಲ್ಲಿಯವರೆಗೆ ಅವಳೂ ಆ ಮುದುಕಿಯೂ ಕೂಡಿಯೇ ಹಳ್ಳಕ್ಕೆ ಹೋಗಿಬರುತ್ತಿದ್ದರು.

ಹೋದ ತಿಂಗಳು ಅವಳ ಕೊನೆಯ ಸ್ನಾನಕ್ಕೆ ಅದೇ ಬಾವಿಯ ನೀರು ಸೇದಿದವನು ಆ ಮುದುಕನೇ. ಕೊಡವನ್ನು ನನ್ನ ಕೈಗೆ ಕೊಡುವ ಮೊದಲು ಬೊಗಸೆಯಲ್ಲಿ ಒಂದಿಷ್ಟು ಹಿಡಿದು ಮೂಸಿದ. ಬೆಳಕಿಗೆ ಹಿಡಿದು ನೋಡಿದ.

"ಚೊಲೋ ಐತ್ರಿ, ಒಯ್ರಿ" ಎಂದ.