ಉತ್ತರ ಕೊಡದ ಹತ್ತಿ

ನಾನು ಪಾಠ ಹೇಳುವ ರಾಯಚೂರಿನ ಶಾಲೆಯಲ್ಲಿ ಹೋದ ವಾರ ಯಾರೋ ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆಯಲು ಕೂತಿದ್ದರು. ನೀರಲ್ಲಿ ನೆನೆದ ಬೆತ್ತದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮನಸ್ಸಿನಲ್ಲೇ ಮಾನ್ವಿಯ ನಮ್ಮ ಓಣಿಗೆ ಹೋಗಿಬಿಟ್ಟೆ. ಅದು ನಮ್ಮ ಪಕ್ಕದ ಮನೆಯ ಕಾಕಾನ ವಾಸನೆ.

ಕಾಕಾ ಹುಟ್ಟುಕುರುಡ. ಕಚೇರಿಗಳ ಕುರ್ಚಿಗೆ ಬೆತ್ತ ಹೆಣೆದೇ ಬದುಕಿದವನು. ನಡೆಯುವಾಗ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಲೊಟಕ್ ಲೊಟಕ್ ಎನ್ನಿಸುತ್ತಿದ್ದ. ಆ ಸದ್ದು ಗೋಡೆಗೆ ತಾಗಿ ಮರಳುವ ರೀತಿಯಲ್ಲೇ ಅವನಿಗೆ ದಾರಿ ತಿಳಿಯುತ್ತಿತ್ತು. ‘ಎತ್ತು ಹೊಡಿಯಾಕತ್ತೀರೇನ್ರಿ ಕಾಕಾ?’ ಎಂದು ಯಾರಾದರೂ ಕಾಡಿಸಿದರೆ, ‘ಮುಂದ ನೀ ಬಂದು ನಿಂತೀಯಲ್ಲ, ಹೊಡೀಲೇಬೇಕು’ ಎನ್ನುತ್ತಿದ್ದ.

ನನಗೆ ಒಂಬತ್ತು ತುಂಬುವಷ್ಟರಲ್ಲಿ ಕಣ್ಣು ಪೂರ್ತಿ ಹೋಯಿತು. ಹತ್ತಿ ಬಿಡಿಸಲು ಹೋಗುವ ಅವ್ವನಿಗೆ ದಿನಾ ನನ್ನ ಕೈಹಿಡಿದು ಕರೆದೊಯ್ಯಲು ಆಗುತ್ತಿರಲಿಲ್ಲ. ಶಾಲೆ ಬಿಡಿಸಿದಳು. ನನಗೋ ಶಾಲೆಯೇ ಬೇಕು. ನನ್ನ ರಾಗ ಕೇಳಿ ಕೇಳಿ ಸಾಕಾಗಿ ಒಂದು ದಿನ ಕಾಕಾ ಗೋಡೆಯಾಚೆಯಿಂದ ಕೂಗಿದ: ‘ಅಳೋ ಬಾಯಾಗ ನಾಲಿಗಿ ಅದ ಇಲ್ಲೋ? ಬಾ ಇಲ್ಲಿ.’

ಮೊದಲು ನನ್ನ ಮುಖದ ಮುಂದೆ ಮೊರ ಹಿಡಿದು ಲೊಟಕ್ ಎನ್ನಿಸಿದ. ಮೊರ ಇದ್ದಾಗ ಸದ್ದು ಕೂಡಲೇ ಮರಳುತ್ತಿತ್ತು, ತೆಗೆದರೆ ಎಲ್ಲೋ ಹೋಗಿಬಿಡುತ್ತಿತ್ತು. ಆಮೇಲೆ ಗೋಡೆ, ತೆರೆದ ಬಾಗಿಲು, ಬೇವಿನ ಮರ... ಎಷ್ಟು ಸಲ ಹಣೆ ಬಡಿಸಿಕೊಂಡೆನೋ, ಲೆಕ್ಕವಿಲ್ಲ. ಆದರೂ ಅಷ್ಟು ಖುಷಿಯ ದಿನಗಳು ನನಗೆ ಮತ್ತೆ ಬರಲಿಲ್ಲ.

ಕೊನೆಗೆ ಅವ್ವ ಮತ್ತೆ ಶಾಲೆಗೆ ಕಳಿಸಲು ಒಪ್ಪಿದಳು. ಆದರೆ ಶರತ್ತು ಇತ್ತು: ಅವಳ ಎದುರೇ ನಾನೊಬ್ಬಳೇ ಶಾಲೆಯತನಕ ನಡೆಯಬೇಕು, ಒಮ್ಮೆ ಬಿದ್ದರೂ ಮನೆಯೇ ಗತಿ. ಕಾಕಾ ನಾಲ್ಕು ಹೆಜ್ಜೆ ಹಿಂದೆ ಬಂದ. ಓಣಿಯ ತಿರುವಿನವರೆಗೆ ಚೆನ್ನಾಗಿಯೇ ನಡೆದೆ. ಅಲ್ಲಿ ಲೊಟಕ್ ಎಂದರೆ ಏನೂ ಮರಳಿ ಬರಲಿಲ್ಲ. ಬಯಲು ಎಂದುಕೊಂಡು ಠೀವಿಯಿಂದ ಕಾಲಿಟ್ಟವಳು ಯಾರೋ ಸುರಿದಿದ್ದ ಹತ್ತಿಯ ರಾಶಿಯೊಳಗೆ ಬೋರಲಾಗಿ ಬಿದ್ದೆ. ಹಿಂದೆಯೇ ಕಾಕಾನ ಲೊಟಕ್ ಕೇಳಿತು. ಮರುಕ್ಷಣ ಅವನೂ ದೊಪ್ಪನೆ ನನ್ನ ಪಕ್ಕಕ್ಕೆ ಬಿದ್ದ.

ನನ್ನ ಶಾಲೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವ್ವನ ನಗು ಕೇಳಿತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

‘ಮಾಸ್ತರಗ ಗೊತ್ತಾಗಲಿಲ್ಲ, ಇಕಿಗೆ ಹೆಂಗ ಗೊತ್ತಾಗಬೇಕಣ್ಣಾ? ಏಳ್ರಿ ಇಬ್ಬರೂ, ಸಾಲಿಗೆ ಹೊತ್ತಾತು.’

ಕಾಕಾ ಬಾಯೊಳಗಿನ ಹತ್ತಿ ಉಗುಳಿ ನನ್ನ ಕಿವಿಯಲ್ಲಿ ಹೇಳಿದ: ‘ಹತ್ತಿ ಉತ್ತರ ಕೊಡೂದಿಲ್ಲ ಯವ್ವಾ. ಏನೂ ಕೇಳಲಿಲ್ಲಂದ್ರ ಮೊದಲ ಕೈ ಚಾಚು.’

ಅಂದಿನಿಂದ ನಾನು ಶಾಲೆ ತಪ್ಪಿಸಲಿಲ್ಲ. ಈಗಲೂ ಶಾಲೆಯಲ್ಲೇ ಇದ್ದೇನೆ.

ಕಾಕಾ ತೀರಿ ಬಹಳ ವರ್ಷವಾಯಿತು. ಬೆತ್ತದ ವಾಸನೆ ಬಿಡದೆ ಎಳೆದದ್ದಕ್ಕೆ ಭಾನುವಾರ ಬಸ್ಸು ಹತ್ತಿ ಮಾನ್ವಿಗೆ ಹೋದೆ. ಅವನ ಮನೆಯ ಗೋಡೆ ಇರಬೇಕಾದಲ್ಲಿ ನಿಂತು ಲೊಟಕ್ ಎಂದೆ. ಏನೂ ಮರಳಲಿಲ್ಲ. ಮತ್ತೆ ಹತ್ತಿ ಸುರಿದಿದ್ದಾರೆ ಎಂದು ಒಳಗೊಳಗೇ ನಗುತ್ತ, ಅವನು ಹೇಳಿದಂತೆಯೇ ಕೈ ಚಾಚಿದೆ.

ಕೈಗೆ ಹತ್ತಿಯೂ ಸಿಗಲಿಲ್ಲ, ಗೋಡೆಯೂ ಸಿಗಲಿಲ್ಲ. ಈ ಸಲ ಅದು ನಿಜಕ್ಕೂ ಬಯಲೇ...