ಹನ್ನೊಂದು ಸಲ ಅಳಿಸಿದ ಬಾವಿ ಮತ್ತು ಮಧುಮತಿ ಮೇಡಂ

ಜೆ.ಪಿ. ನಗರದ ನಮ್ಮ ವಾಚನಾಲಯವನ್ನು ಹದಿನೈದು ವರ್ಷ ನಡೆಸಿದವಳು ನಾನೇ. ಇದರಲ್ಲಿ ಅರ್ಧ ಸುಳ್ಳು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ: ನೆಲ ಗುಡಿಸಿದವಳು ನಾನು, ವಾಚನಾಲಯ ನಡೆಸಿದವರು ಈ ತಿಂಗಳು ನಿವೃತ್ತರಾಗುತ್ತಿರುವ ಮಧುಮತಿ ಮೇಡಂ. ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಗ್ರಂಥಪಾಲಕರು ಲೋಕದಲ್ಲಿ ಲಕ್ಷ ಮಂದಿ ಇದ್ದಾರು. ಬಂದ ದಿನವೇ ಬೀಗ ಬಿಚ್ಚಿದವರು ಇವರೊಬ್ಬರೇ.

ಧಾರವಾಡದ ಕಡೆಯವರು, ೧೯೯೪ರಲ್ಲಿ ಬಂದರು. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಗಂಡ ಸತ್ತ ಮೇಲೆ ಈ ಕೆಲಸ ಹಿಡಿದವಳು. ಮಧ್ಯಾಹ್ನ ಮೇಡಂ ತಮ್ಮ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟು, ನನ್ನಿಂದ ಪೇಪರು ಓದಿಸುತ್ತಿದ್ದರು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಎರಡು ಸರ್ಕಾರ ಬಿದ್ದುಹೋಗುತ್ತಿದ್ದವು. ಅವರು ಮಾತ್ರ ಒಂದು ದಿನವೂ ಆತುರಪಡಿಸಲಿಲ್ಲ.

೨೦೦೫ರಲ್ಲಿ ಕಂಪ್ಯೂಟರ್ ಬಂತು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ಜಾಲತಾಣದಲ್ಲಿ ಮೇಡಂ ನಮ್ಮ ಜರಗನಹಳ್ಳಿಯ ಪುಟ ತೋರಿಸಿದರು. ಅಲ್ಲಿ ಹಿಂದೆ ನೀರಿನ ಆಸರೆಯೇ ಇರಲಿಲ್ಲ ಎಂದು ಯಾರೋ ಬರೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಬೀದಿಯ ಬಾವಿ ತೋಡಿದವರು ನನ್ನ ಅತ್ತೆ ಮುನಿಯಕ್ಕ ಮತ್ತು ಅವಳ ಜೊತೆಯ ಹೆಂಗಸರು. ಈಗ ಅದರ ಮೇಲೆ ಅಂಗಡಿಸಾಲು ಕೂತಿದೆ. ನಾನು ಹೇಳಿದೆ, ಮೇಡಂ ಸೇರಿಸಿದರು. ಮರುದಿನ ಅದು ಅಲ್ಲಿರಲಿಲ್ಲ.

ಅಳಿಸಿದವರು ನಮ್ಮಲ್ಲಿಗೇ ದಿನಾ ಪೇಪರ್ ಓದಲು ಬರುವ ನಿವೃತ್ತ ಇಂಜಿನಿಯರ್ ಗುಂಡಣ್ಣನವರು. ಆ ತಾಣದ ಕಾವಲು ಅವರದಂತೆ.

"ಯಾವ ಪುಸ್ತಕದಲ್ಲಿದೆ ತೋರ್ಸಮ್ಮ ಸಿದ್ದಗಂಗಮ್ಮ. ಅಚ್ಚಾಗಿರ್ಬೇಕು. ರೂಲ್ಸ್ ಅಂದ್ರೆ ರೂಲ್ಸ್."

"ಆ ನೀರು ಹೊತ್ತು ಹೊತ್ತು ನನ್ ನೆತ್ತಿ ಸವೆದೋಯ್ತು ಸಾರ್. ನಿಮ್ ಪುಸ್ತಕ ಒಂದ್ ಕೊಡ ಹೊತ್ತಿದ್ಯಾ?"

"ನೀನು ಇರುವೆನ ಆನೆ ಮಾಡೋಳು. ನಿನ್ ಮಾತು ಹೆಂಗಮ್ಮ ನಂಬೋದು?"

ಮೇಡಂ ಕನ್ನಡಕ ತೆಗೆದಿಟ್ಟರು. "ರೂಲ್ಸ್ ಬೇಕ್ರಿ ಗುಂಡಣ್ಣನವರ, ಇಲ್ಲಂದ್ರ ಕಂಡವರೆಲ್ಲ ಸುಳ್ಳು ತುಂಬ್ತಾರ. ಆದ್ರ ಇವರ ಮಾತು ಯಾರೂ ಅಚ್ಚು ಹಾಕಿಸಿಲ್ಲಂದ್ರ ಅದು ಬಾವಿ ತಪ್ಪಲ್ಲ. ನೀವು ಅಳಸ್ರಿ, ನಾ ಬರೀತೀನಿ."

ಹನ್ನೊಂದು ಸಲ ಮೇಡಂ ಬರೆದರು, ಹನ್ನೊಂದು ಸಲವೂ ಗುಂಡಣ್ಣನವರು ಅಳಿಸಿದರು. ಕೊನೆಗೆ ಆ ಪುಟದಲ್ಲಿ ಮೇಡಂ ಏನೂ ಬರೆಯದಂತೆ ಅವರೇ ತಡೆ ಹಾಕಿಬಿಟ್ಟರು.

ಮೇಡಂ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಸಮಿತಿಯವರು, ನಾನು ಬರೆಯುವುದು ಬೇಡ, ವೇದಿಕೆಯಲ್ಲಿ ಹಾರ ಹಿಡಿದು ನಿಂತರೆ ಸಾಕು ಎಂದಿದ್ದರು. "ಸಿದ್ದಗಂಗಮ್ಮ ಬರೀಲಾರದ ಪುಸ್ತಕ ನನಗ ಬ್ಯಾಡ" ಎಂದರು ಮೇಡಂ. ಯಾಕೆಂದು ನನ್ನ ಮಂಡೆಗೆ ಹೊಳೆಯಲು ಮೂರು ದಿನ ಹಿಡಿಯಿತು: ಇದೂ ಅಚ್ಚಾಗುವ ಪುಸ್ತಕವೇ ಅಲ್ಲವೇ!

ಆದ್ದರಿಂದ ಮುಂದಿನ ಮಾತುಗಳಿಗೆ ನಾನು ಒಂದು ಹರಳೂ ಉಪ್ಪು ಹೆಚ್ಚಿಗೆ ಹಾಕಿಲ್ಲ. ಬಾವಿಗೆ ಹದಿನೆಂಟು ಮೆಟ್ಟಿಲು. ತೋಡಿದವರು ಏಳು ಹೆಂಗಸರು, ಮುಂದೆ ನಿಂತವಳು ಮುನಿಯಕ್ಕ. ಬೇಸಿಗೆಯಲ್ಲಿ ತಳ ಕಾಣುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಮಧುಮತಿ ಮೇಡಂ ನೂರು ವರ್ಷ ಬಾಳಲಿ, ಸಾಲದಿದ್ದರೆ ನನ್ನ ಆಯಸ್ಸಿನಲ್ಲಿ ಹತ್ತು ತೆಗೆದುಕೊಳ್ಳಲಿ. ಅಳಿಸಿದ್ದನ್ನು ಮತ್ತೆ ಬರೆಯುವ ಕೆಲಸವನ್ನು ಮಾತ್ರ ಬಿಡದಿರಲಿ. ಬಿಡುಗಡೆಯ ಮರುದಿನ ಬೆಳಿಗ್ಗೆ ಈ ಗ್ರಂಥದ ಇದೇ ಪುಟ ತೆರೆದು, ಗುಂಡಣ್ಣನವರು ಓದುತ್ತಿರುವ ಪೇಪರಿನ ಮೇಲೆ ಇಡುತ್ತೇನೆ. ಆಮೇಲೆ ಅವರು ಏನು ಮಾಡುತ್ತಾರೆ? ನೀವೇ ಹೇಳಿ ನೋಡೋಣ.